ಪೆಪ್ಟೈಡ್ ಔಷಧಿ: ವೈದ್ಯರೊಡನೆ ಆಡಬೇಕಾದ ಮಾತು

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ಕಟ್ಟಿದವರ ಕಾಲದಲ್ಲಿ ರೋಗಿ ಬಯಸುತ್ತಿದ್ದುದು ಪಥ್ಯದಲ್ಲಿ ಒಂದಿಷ್ಟು ರಿಯಾಯಿತಿಯನ್ನು ಮಾತ್ರ. ಔಷಧಿಯನ್ನು ಬಯಸುವ ಗೋಜಿಗೆ ಅವನು ಹೋಗುತ್ತಿರಲಿಲ್ಲ. ಅದು ವೈದ್ಯನ ಪಾಲಿನ ಕೆಲಸವಾಗಿತ್ತು. ಈಗ ರೋಗಿ ಔಷಧಿಯ ಹೆಸರನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ ಬರುತ್ತಾನೆ. ಹಾಗೆ ಬರುವ ಹೆಸರುಗಳಲ್ಲಿ ಇತ್ತೀಚೆಗೆ ಬಲು ಜೋರಾಗಿ ಕೇಳಿಬರುತ್ತಿರುವುದು ಪೆಪ್ಟೈಡ್. ತೂಕ ಇಳಿಸಲು ಪೆಪ್ಟೈಡ್, ಸಕ್ಕರೆ ಕಾಯಿಲೆಗೆ ಪೆಪ್ಟೈಡ್, ಉಳುಕಿದ ಮಂಡಿಗೆ ಪೆಪ್ಟೈಡ್, ಮುಖದ ಸುಕ್ಕಿಗೂ ಪೆಪ್ಟೈಡ್. ಅಮೆರಿಕದಲ್ಲಿರುವ ಮಗ ದೂರವಾಣಿಯಲ್ಲಿ ಹೇಳಿದನೆಂದು ತಂದೆ ಕೇಳುತ್ತಾರೆ. ವ್ಯಾಯಾಮಶಾಲೆಯಲ್ಲಿ ಗೆಳೆಯ ಹೇಳಿದನೆಂದು ಮಗ ಕೇಳುತ್ತಾನೆ. ಮಗನಾದರೋ ಎಷ್ಟೋ ಸಲ ವೈದ್ಯರನ್ನು ಕೇಳುವುದೇ ಇಲ್ಲ. ಕೊಂಡು ಚುಚ್ಚಿಕೊಂಡೇ ಬಿಡುತ್ತಾನೆ.

ಕೇಳುವುದು ತಪ್ಪಲ್ಲ. ಕೇಳಿದ ಮೇಲೆ ವೈದ್ಯರೊಡನೆ ನಡೆಯಬೇಕಾದ ಮಾತುಕತೆ ಎಂಥದು, ಅದರಲ್ಲಿ ರೋಗಿ ಹೇಳಬೇಕಾದದ್ದು ಏನು, ಕೇಳಿ ತಿಳಿದುಕೊಳ್ಳಬೇಕಾದದ್ದು ಏನು ಎಂಬುದೇ ನನಗೆ ಕೊಟ್ಟಿರುವ ಈ ಅಲ್ಪಾವಧಿಯಲ್ಲಿ ನಾನು ಪ್ರಸ್ತಾಪಿಸಬೇಕೆಂದಿರುವ ವಿಷಯ.

ಮೊದಲು ಈ ಶಬ್ದದ ಕುಲಗೋತ್ರವನ್ನು ವಿಚಾರಿಸೋಣ. ನಾವು ಉಣ್ಣುವ ಬೇಳೆಯಲ್ಲಿ, ಕುಡಿಯುವ ಹಾಲಿನಲ್ಲಿ ಇರುವ ಸಸಾರಜನಕ ಅಥವಾ ಪ್ರೋಟೀನು, ಅಮೈನೋ ಆಮ್ಲಗಳೆಂಬ ಪುಟ್ಟ ಅಣುಗಳನ್ನು ಒಂದರ ಪಕ್ಕದಲ್ಲೊಂದು ಪೋಣಿಸಿದ ಮಾಲೆ. ಹೂವಿನ ಬಗೆ ಇಪ್ಪತ್ತು. ಪೋಣಿಸುವ ಅನುಕ್ರಮ ಬದಲಾದಂತೆ ಮಾಲೆಯ ಗುಣವೂ ಬದಲಾಗುತ್ತದೆ. ಮಾರುಗಟ್ಟಲೆ ಉದ್ದವಾಗಿದ್ದರೆ ಅದು ಪ್ರೋಟೀನು; ಐವತ್ತು ಹೂಗಳ ಆಸುಪಾಸಿನವರೆಗಿನ ತುಂಡಾದರೆ ಪೆಪ್ಟೈಡ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಹೆಸರನ್ನು ಇಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್. ಗ್ರೀಕ್ ಭಾಷೆಯಲ್ಲಿ ಇದರ ಮೂಲಕ್ಕೆ ‘ಜೀರ್ಣವಾದದ್ದು’ ಎಂಬ ಅರ್ಥವಿದೆ. ಹೊಟ್ಟೆಯಲ್ಲಿ ಪ್ರೋಟೀನು ಅರಗುವಾಗ ಉಂಟಾಗುವ ತುಂಡುಗಳು ಇವಾದ್ದರಿಂದ ಹೆಸರು ಸಾರ್ಥಕವಾಗಿದೆ. ಈ ಔಷಧಿಗಳಲ್ಲಿ ಹೆಚ್ಚಿನವನ್ನು ಸೂಜಿಯ ಮೂಲಕವೇ ಏಕೆ ಕೊಡಬೇಕೆಂಬ ಪ್ರಶ್ನೆಗೆ ಉತ್ತರವೂ ಈ ಹೆಸರಿನಲ್ಲೇ ಅಡಗಿದೆ. ನುಂಗಿದರೆ ಜಠರವು ಬೇಳೆಯ ಸಾರಿಗೂ ಬೆಲೆಬಾಳುವ ಔಷಧಿಗೂ ಭೇದವೆಣಿಸದೆ ಎರಡನ್ನೂ ಅರಗಿಸಿಬಿಡುತ್ತದೆ.

ನಮ್ಮ ಶರೀರವೇ ಹಗಲಿರುಳೂ ಇಂಥ ಮಾಲೆಗಳನ್ನು ಕಟ್ಟುತ್ತಿರುತ್ತದೆ. ಹೆರಿಗೆಯ ವೇಳೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಒಂಬತ್ತೇ ಹೂವಿನ ಮಾಲೆ. ವಿನ್ಸೆಂಟ್ ಡು ವಿನ್ಯೋ ಎಂಬ ಅಮೆರಿಕದ ವಿಜ್ಞಾನಿ 1953ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಕಟ್ಟಿದಾಗ ಅದೊಂದು ಮಹಾ ಸಾಹಸವೆನಿಸಿ, 1955ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಇಂದು ಅದು ಹೆರಿಗೆ ಆಸ್ಪತ್ರೆಗಳಲ್ಲಿ ದಿನನಿತ್ಯದ ಔಷಧಿ. ಈ ಮಾಲೆ ಯಾವ ಯಾವ ಕೋನದಲ್ಲಿ ಬಾಗಬಹುದು, ಎಲ್ಲಿ ಬಾಗಲಾರದು ಎಂಬುದನ್ನು 1963ರಲ್ಲಿ ಮದರಾಸಿನಲ್ಲಿ ಲೆಕ್ಕ ಹಾಕಿ ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಅನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ವಿದ್ಯೆಗೆ ಒಂದು ವಿಭಾಗವನ್ನೇ ಕಟ್ಟಿದರು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಆ ನಕ್ಷೆ ಇಂದಿಗೂ ರಾಮಚಂದ್ರನ್ ಅವರ ಹೆಸರಿನಲ್ಲೇ ಇದೆ. ಪೆಪ್ಟೈಡ್ ಎಂಬುದು ನಿನ್ನೆ ಮೊನ್ನೆ ವಿದೇಶದಿಂದ ಇಳಿದುಬಂದ ಮಾಯಾವಸ್ತು ಎಂಬ ಭ್ರಮೆ ಇದ್ದರೆ ಅದು ಕಳೆಯಲೆಂದು ಇದನ್ನು ಹೇಳಿದೆ.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟ. ಪೆಪ್ಟೈಡ್ ಎಂಬುದು ರಚನೆಯ ಹೆಸರೇ ಹೊರತು ಗುಣದ ಹೆಸರಲ್ಲ. ತುಳಸಿಯೂ ಎಲೆಯೇ, ಹೊಗೆಸೊಪ್ಪೂ ಎಲೆಯೇ, ಉಮ್ಮತ್ತಿಯೂ ಎಲೆಯೇ. ‘ಎಲೆ ತಿನ್ನಬಹುದೇ?’ ಎಂದು ಯಾರಾದರೂ ಕೇಳಿದರೆ ‘ಯಾವ ಎಲೆ?’ ಎಂದು ಮರುಪ್ರಶ್ನೆ ಹಾಕದೆ ಉತ್ತರ ಕೊಡಲಾದೀತೆ? ‘ಪೆಪ್ಟೈಡ್ ತೆಗೆದುಕೊಳ್ಳಬಹುದೇ?’ ಎಂದಾಗಲೂ ವೈದ್ಯರ ಮೊದಲ ಪ್ರಶ್ನೆ ‘ಯಾವುದು?’ ಎಂದೇ ಇರಬೇಕು. ಆ ಪ್ರಶ್ನೆ ಕೇಳದೆ ಹೌದೆನ್ನುವ ವೈದ್ಯರ ಬಗೆಗೂ, ಕೇಳದೆ ಛೀ ಎನ್ನುವ ವೈದ್ಯರ ಬಗೆಗೂ ನನಗೆ ಅಷ್ಟಾಗಿ ವಿಶ್ವಾಸವಿಲ್ಲ.

ಇನ್ಸುಲಿನ್ನಿನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೆನಡಾದ ಟೊರಾಂಟೋ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು, ಮೆಕ್ಲಿಯಡ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ, ಪ್ರಾಣಿಗಳ ಮೇದೋಜೀರಕಾಂಗದಿಂದ ಸಕ್ಕರೆಯನ್ನು ಇಳಿಸುವ ಸಾರವನ್ನು ತೆಗೆದರು. 1922ರ ಜನವರಿ 11ರಂದು ಅದನ್ನು ಮೊಟ್ಟಮೊದಲ ಸಲ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಮಧುಮೇಹಿ ಬಾಲಕನಿಗೆ ಚುಚ್ಚಿದರು. ಹುಡುಗ ಸಾವಿನ ಅಂಚಿನಲ್ಲಿದ್ದ. ಆದರೆ ಸಕ್ಕರೆ ಇಳಿದದ್ದು ಅತ್ಯಲ್ಪ. ಚುಚ್ಚಿದ ಕಡೆ ಬಾವು ಕಟ್ಟಿತು. ಸಾರದಲ್ಲಿ ಇನ್ಸುಲಿನ್ ಇತ್ತು, ಅದರೊಡನೆ ಕಲ್ಮಷವೂ ಇತ್ತು. ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಆಗ ಕಾಲಿಪ್ ಎಂಬ ರಸಾಯನ ಶಾಸ್ತ್ರಜ್ಞ ಹಗಲಿರುಳು ದುಡಿದು ಸಾರವನ್ನು ಶುದ್ಧಿ ಮಾಡಿದರು. ಹನ್ನೆರಡು ದಿನಗಳ ಅನಂತರ, ಜನವರಿ 23ರಂದು, ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಮುಂದೆ ಹದಿಮೂರು ವರ್ಷ ಬದುಕಿದ. ವಸ್ತು ಒಂದೇ, ರೋಗಿ ಒಬ್ಬನೇ. ಮೊದಲ ಸಾರಿಗೂ ಎರಡನೆಯ ಸಾರಿಗೂ ಇದ್ದ ಅಂತರವೆಲ್ಲ ಶುದ್ಧಿಯದು. ಇಂದು ಸೀಸೆಯೊಂದನ್ನು ಕೈಯಲ್ಲಿ ಹಿಡಿದು ‘ಇದೂ ಪೆಪ್ಟೈಡೇ ಅಲ್ಲವೇ?’ ಎನ್ನುವ ತರುಣರಿಗೆ ನಾನು ಈ ಹನ್ನೆರಡು ದಿನಗಳ ಕಥೆಯನ್ನು ಹೇಳುವುದುಂಟು.

ಆಮೇಲಿನ ಬೆಳವಣಿಗೆ ವೇಗವಾಗಿ ಆಯಿತು. ಇನ್ಸುಲಿನ್ನಿನ ಐವತ್ತೊಂದು ಹೂಗಳ ಅನುಕ್ರಮವನ್ನು ಬಿಡಿಸಿದ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂದಿತು. 1982ರಲ್ಲಿ ಅಮೆರಿಕವು ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಮಂಜೂರಾತಿ ನೀಡಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ತನ್ನದೇ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಇಂದು ಮನೆಮಾತಾಗಿರುವ ತೂಕ ಇಳಿಸುವ ಸೂಜಿಯೂ ಇದೇ ವಂಶದ್ದು. ಊಟ ಮಾಡಿದಾಗ ನಮ್ಮ ಕರುಳು ಒಂದು ಪೆಪ್ಟೈಡನ್ನು ರಕ್ತಕ್ಕೆ ಬಿಡುತ್ತದೆ. ವಿಜ್ಞಾನಿಗಳು ಅದನ್ನು ಜಿಎಲ್‌ಪಿ-1 ಎಂದು ಕರೆಯುತ್ತಾರೆ. ಅದು ಮೇದೋಜೀರಕಾಂಗಕ್ಕೆ ‘ಊಟ ಬಂದಿದೆ, ಇನ್ಸುಲಿನ್ ಕಳಿಸು’ ಎನ್ನುತ್ತದೆ. ಜಠರಕ್ಕೆ ‘ನಿಧಾನ’ ಎನ್ನುತ್ತದೆ. ಮಿದುಳಿಗೆ ‘ಸಾಕು’ ಎನ್ನುತ್ತದೆ. ಕಷ್ಟವೆಂದರೆ ಅದರ ಆಯುಸ್ಸು ಒಂದೆರಡು ನಿಮಿಷ ಮಾತ್ರ. ರಕ್ತದಲ್ಲಿನ ಕಿಣ್ವವೊಂದು ಅದನ್ನು ಕತ್ತರಿಸಿಹಾಕುತ್ತದೆ. 1990ರ ದಶಕದ ಆದಿಯಲ್ಲಿ ಜಾನ್ ಎಂಗ್ ಎಂಬ ವೈದ್ಯರು, ಅಮೆರಿಕದ ಮರುಭೂಮಿಯಲ್ಲಿ ವಾಸಿಸುವ ಗಿಲಾ ಎಂಬ ದಪ್ಪ ಹಲ್ಲಿಯ ವಿಷದಲ್ಲಿ ಇದನ್ನೇ ಹೋಲುವ, ಆದರೆ ಬೇಗ ಕರಗದ ಪೆಪ್ಟೈಡೊಂದನ್ನು ಕಂಡರು. ಅದರಿಂದ ಹುಟ್ಟಿದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಮಧುಮೇಹದ ಔಷಧಿಯಾಯಿತು. ಹಲ್ಲಿ ಶಕುನದಲ್ಲಿ ನಂಬಿಕೆಯುಳ್ಳವರು ಇದನ್ನು ಶುಭಶಕುನವೆಂದೇ ಎಣಿಸಬಹುದು. ಅನಂತರ ಬಂದ ಸೆಮಾಗ್ಲುಟೈಡ್ ಮಾನವರ ಪೆಪ್ಟೈಡನ್ನೇ ಸ್ವಲ್ಪ ಮಾರ್ಪಡಿಸಿ ಕಟ್ಟಿದ್ದು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾದುದರಿಂದ ವಾರಕ್ಕೊಂದು ಸೂಜಿ ಸಾಕು. ನಮ್ಮ ದೇಶಕ್ಕೆ ಅದು ಮಾತ್ರೆಯ ರೂಪದಲ್ಲಿ 2022ರಲ್ಲಿ, ತೂಕಕ್ಕಾಗಿ ಕೊಡುವ ಸೂಜಿಯ ರೂಪದಲ್ಲಿ 2025ರ ಜೂನ್‌ನಲ್ಲಿ ಬಂದಿತು. ಅದರ ದಾಯಾದಿಯಾದ ಟಿರ್ಜೆಪಟೈಡ್ ಅದೇ ವರ್ಷ ಮಾರ್ಚಿಯಲ್ಲಿ ಬಂದಿತ್ತು.

ಇವು ಪೊಳ್ಳು ಔಷಧಿಗಳಲ್ಲ. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 68 ವಾರ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ನೂರಕ್ಕೆ ಹದಿನೈದರಷ್ಟು ಇಳಿಯಿತು. ಬರಿಯ ಹುಸಿಮದ್ದು ಪಡೆದವರದು ಎರಡೂವರೆಯಷ್ಟೂ ಇಳಿಯಲಿಲ್ಲ. ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರ ಸಮೀಕ್ಷೆಯೊಂದು ಅಂದಾಜಿಸಿದ ದೇಶದಲ್ಲಿ ಇಂಥ ಔಷಧಿಯ ಸುದ್ದಿ ಕಾಡ್ಗಿಚ್ಚಿನಂತೆ ಹರಡಿದ್ದರೆ ಆಶ್ಚರ್ಯವಿಲ್ಲ. ಆದರೆ ಬಲವುಳ್ಳ ಔಷಧಿಯನ್ನು ಕುರಿತ ಮಾತುಕತೆಯೂ ಅಷ್ಟೇ ಬಿಗಿಯಾಗಿರಬೇಕು. ಒಂದು ಕಲ್ಪಿತ ಪ್ರಸಂಗವನ್ನು ನೋಡೋಣ. ಒಬ್ಬ ನಿವೃತ್ತ ಉಪಾಧ್ಯಾಯರು, ವಯಸ್ಸು ಅರವತ್ತೆರಡು, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ತಮ್ಮ ಊರಿನ ಪರಿಚಿತ ವೈದ್ಯರ ಬಳಿಗೆ ಬಂದಿದ್ದಾರೆ.

‘ಡಾಕ್ಟ್ರೇ, ವಾರಕ್ಕೊಂದು ಸೂಜಿ ಹಾಕಿಸಿಕೊಂಡರೆ ತೂಕವೂ ಇಳಿಯುತ್ತಂತೆ, ಸಕ್ಕರೆಯೂ ಇಳಿಯುತ್ತಂತೆ. ನನಗೂ ಬರೆದುಕೊಡಿ.’

‘ನೋಡೋಣ ಮೇಷ್ಟ್ರೇ. ಈಗ ಏನೇನು ತಗೋತಿದ್ದೀರಿ?’

‘ನೀವು ಕೊಟ್ಟದ್ದೇ.’

‘ಅಷ್ಟೇನಾ?’

ಈ ‘ಅಷ್ಟೇನಾ’ ಎಂಬ ಮಾತಿನಲ್ಲಿ ಇಡೀ ಸಮಾಲೋಚನೆಯ ಜೀವವಿದೆ. ಒಳ್ಳೆಯ ವೈದ್ಯರು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆ ಮೌನದ ಒಳಗಿಂದ ಮೆಲ್ಲನೆ ಒಂದೊಂದೇ ಹೊರಬರುತ್ತವೆ. ಕಳೆದ ಬೇಸಗೆಯಲ್ಲಿ ಮಗಳ ಊರಿಗೆ ಹೋಗಿದ್ದಾಗ ಅಲ್ಲಿನ ವೈದ್ಯರು ಗ್ಲಿಮೆಪಿರೈಡ್ ಎಂಬ ಮಾತ್ರೆಯನ್ನು ಸೇರಿಸಿದ್ದರು. ಅದು ಇನ್ನೂ ನಡೆದಿದೆ. ಷಡ್ಡಕರು ಕೊಟ್ಟ ಒಂದು ಚೂರ್ಣವಿದೆ; ಅದು ಔಷಧಿಯೆಂದೇ ಇವರ ಲೆಕ್ಕದಲ್ಲಿಲ್ಲ. ಎರಡು ವರ್ಷದ ಹಿಂದೆ ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಯಾರೋ ಹೇಳಿದ್ದರು, ನೋವಿಲ್ಲವೆಂದು ಮರೆತಿದ್ದರು. ಮುಂದಿನ ತಿಂಗಳು ಪಟ್ಟಣದ ಆಸ್ಪತ್ರೆಯಲ್ಲಿ ಹರ್ನಿಯಾ ಶಸ್ತ್ರಕ್ರಿಯೆಗೆ ದಿನ ಗೊತ್ತಾಗಿದೆ. ಅದನ್ನು ಇಲ್ಲಿ ಹೇಳಲಿಲ್ಲವೇಕೆಂದರೆ, ‘ಅದು ಬೇರೆ ಡಾಕ್ಟ್ರು ನೋಡ್ಕೋತಾರೆ’.

ಇವುಗಳಲ್ಲಿ ಒಂದೊಂದಕ್ಕೂ ಬೆಲೆಯಿದೆ. ಹೊಸ ಸೂಜಿ ತಾನೊಂದೇ ಇದ್ದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಗ್ಲಿಮೆಪಿರೈಡಿನಂಥ ಮಾತ್ರೆಯೋ ಇನ್ಸುಲಿನ್ನೋ ಜೊತೆಗೂಡಿದರೆ, ಊಟವೂ ಕಡಿಮೆಯಾಗಿರುವಾಗ, ಸಕ್ಕರೆ ತೀರ ಕುಸಿದು ಬೆವರು, ನಡುಕ, ಎಚ್ಚರ ತಪ್ಪುವುದು ಎಲ್ಲವೂ ಸಂಭವಿಸಬಹುದು. ಆದುದರಿಂದ ಸೂಜಿಯನ್ನು ಆರಂಭಿಸುವಾಗ ವೈದ್ಯರು ಹಳೆಯ ಮಾತ್ರೆಯ ಪ್ರಮಾಣವನ್ನು ಇಳಿಸಬೇಕಾಗಬಹುದು. ಇದೆಯೆಂದೇ ತಿಳಿಯದ ಮಾತ್ರೆಯನ್ನು ಇಳಿಸುವುದು ಹೇಗೆ? ಚೂರ್ಣದಲ್ಲಿ ಏನಿದೆಯೆಂದು ಗೊತ್ತಿಲ್ಲದಿದ್ದರೆ ಅದರ ಪೊಟ್ಟಣವನ್ನೇ ತಂದು ತೋರಿಸುವುದು ಲೇಸು. ಪಿತ್ತಕೋಶದ ಕಲ್ಲಿನ ತೊಂದರೆ ಈ ಔಷಧಿಗಳಿಂದ ಹೆಚ್ಚುವ ಸಂಭವವುಂಟು. ಹಿಂದೆ ಮೇದೋಜೀರಕಾಂಗದ ಉರಿಯೂತ ಆಗಿದ್ದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಯೋಚನೆ ಬೇಕು. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲ ಕೆಟ್ಟಿದ್ದವರಲ್ಲಿ ಸಕ್ಕರೆ ಒಮ್ಮೆಗೇ ಇಳಿದಾಗ ಕಣ್ಣಿನ ಸ್ಥಿತಿ ಕೆಲವು ಕಾಲ ಬಿಗಡಾಯಿಸಿದ್ದು ಕಂಡುಬಂದಿದೆ. ಆದುದರಿಂದ ಮೇಷ್ಟರು ಕಣ್ಣಿನ ವೈದ್ಯರನ್ನು ಕಂಡು ಎಷ್ಟು ಕಾಲವಾಯಿತೆಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ.

ಶಸ್ತ್ರಕ್ರಿಯೆಯ ವಿಷಯವಂತೂ ಅತಿ ಮುಖ್ಯ. ಈ ಔಷಧಿ ಜಠರವನ್ನು ನಿಧಾನಗೊಳಿಸುತ್ತದೆ ಎಂದೆನಷ್ಟೆ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಾಪಾಯ. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2023ರಲ್ಲಿ, ವಾರದ ಸೂಜಿಯನ್ನು ಶಸ್ತ್ರಕ್ರಿಯೆಗೆ ಒಂದು ವಾರ ಮುಂಚೆ ನಿಲ್ಲಿಸುವಂತೆ ಸೂಚಿಸಿತು. 2024ರಲ್ಲಿ ಹಲವು ವೈದ್ಯ ಸಂಘಗಳು ಒಟ್ಟುಗೂಡಿ ಅದನ್ನು ತಿದ್ದಿ, ಹೆಚ್ಚಿನವರು ನಿಲ್ಲಿಸಬೇಕಾಗಿಲ್ಲ. ಅಪಾಯ ಹೆಚ್ಚಿರುವವರಿಗೆ ಹಿಂದಿನ ದಿನ ದ್ರವಾಹಾರವನ್ನಷ್ಟೇ ಕೊಡುವುದೇ ಮುಂತಾದ ಎಚ್ಚರಿಕೆಗಳು ಬೇಕು ಎಂದವು. ಯಾವ ಕ್ರಮ ಯಾರಿಗೆ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಅರಿವಳಿಕೆ ಕೊಡುವವರಿಗೆ ವಿಷಯವೇ ತಿಳಿಯದಿದ್ದರೆ ಯಾವ ಕ್ರಮವೂ ಒದಗುವುದಿಲ್ಲ. ಬೇರೆ ಡಾಕ್ಟರಿಗೆ ಬೇರೆ ದೇಹವನ್ನು ಕೊಂಡೊಯ್ಯಲು ಯಾರಿಗೂ ಸಾಧ್ಯವಿಲ್ಲವಷ್ಟೆ!

ಕುಟುಂಬದ ಚರಿತ್ರೆಯಲ್ಲಿ ಒಂದು ಪ್ರಶ್ನೆ ನಮ್ಮ ಜನರನ್ನು ಗಾಬರಿಗೊಳಿಸುತ್ತದೆ. ‘ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಆಗಿತ್ತೇ?’ ಎಂದು ವೈದ್ಯರು ಕೇಳುತ್ತಾರೆ. ಇಲಿಗಳಿಗೆ ಈ ಔಷಧಿ ಕೊಟ್ಟಾಗ ಥೈರಾಯ್ಡಿನ ಒಂದು ಬಗೆಯ ಜೀವಕೋಶಗಳಲ್ಲಿ ಗಂಟುಗಳು ಕಂಡವು. ಮನುಷ್ಯರಲ್ಲಿ ಹಾಗಾಗುತ್ತದೆಂದು ಸಿದ್ಧವಾಗಿಲ್ಲ. ಆದರೂ ಮೆಡುಲ್ಲರಿ ಎಂಬ ವಿರಳ ಜಾತಿಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಆಗಿದ್ದವರು ಇದನ್ನು ತೆಗೆದುಕೊಳ್ಳಬಾರದೆಂದು ವಿಧಿಸಲಾಗಿದೆ. ನಮ್ಮ ಮನೆಗಳಲ್ಲಿ ಹೆಂಗಸರು ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವ ಸಾಮಾನ್ಯ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಆ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳಬೇಕು, ಹೆದರಬೇಕಾಗಿಲ್ಲ. ಮಕ್ಕಳನ್ನು ಪಡೆಯುವ ಯೋಚನೆಯಿರುವ ಹೆಣ್ಣುಮಕ್ಕಳು ಅದನ್ನು ಸಂಕೋಚವಿಲ್ಲದೆ ಹೇಳಿಬಿಡುವುದು ಅಗತ್ಯ. ಸೆಮಾಗ್ಲುಟೈಡನ್ನು ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳು ಮುಂಚೆಯೇ ಬಿಡಬೇಕಾಗುತ್ತದೆ. ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗೆಯ ಪ್ರಭಾವವನ್ನು ಕುಂದಿಸಬಲ್ಲುದು. ಅತ್ತೆಯವರು ಪಕ್ಕದಲ್ಲಿ ಕುಳಿತಿರುವಾಗ ಈ ಮಾತು ಬರುವುದಿಲ್ಲ. ಒಂದು ನಿಮಿಷ ಅವರನ್ನು ಹೊರಗೆ ಕೂರಿಸುವ ಚಾತುರ್ಯ ವೈದ್ಯರಲ್ಲಿರಬೇಕು.

ಇನ್ನು ರೋಗಿ ಕೇಳಬೇಕಾದ ಪ್ರಶ್ನೆಗಳು. ನಮ್ಮಲ್ಲಿ ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂಬ ಭಾವನೆ ಬಲವಾಗಿದೆ. ಹೊರಗೆ ನಲವತ್ತು ಜನ ಕಾದಿರುವಾಗ ವೈದ್ಯರ ಮುಖವೂ ಪ್ರಶ್ನೆಯನ್ನು ಆಹ್ವಾನಿಸುವಂತೆ ಇರುವುದಿಲ್ಲ, ನಿಜ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಚಿಕಿತ್ಸೆಗೆ ಒಪ್ಪುವ ಮುನ್ನ ಐದು ನಿಮಿಷ ಕೇಳುವುದು ಹಕ್ಕೇ ಸರಿ.

‘ಇದು ನನಗೆ ಯಾವ ಕಾರಣಕ್ಕೆ?’ ಎಂಬುದು ಮೊದಲನೆಯದು. ತೂಕಕ್ಕಾಗಿ ಕೊಡುವಾಗ, ದೇಹದ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕ 30 ಅಥವಾ ಹೆಚ್ಚಿರಬೇಕು. ಮಧುಮೇಹ, ರಕ್ತದೊತ್ತಡಗಳಂಥ ಜೊತೆಕಾಯಿಲೆಯಿದ್ದರೆ 27 ಆದರೂ ಸರಿ ಎಂಬುದು ಸೆಮಾಗ್ಲುಟೈಡಿನ ನಿಯಮ. ಒಂದು ಮೀಟರ್ ಅರವತ್ತೈದು ಸೆಂಟಿಮೀಟರ್ ಎತ್ತರದವರು 82 ಕಿಲೋ ಇದ್ದರೆ ಮೂವತ್ತನ್ನು ಮುಟ್ಟುತ್ತಾರೆ. ಮಗಳ ಮದುವೆಯ ಹೊತ್ತಿಗೆ ಹಳೆಯ ರೇಷ್ಮೆ ರವಿಕೆ ಹಿಡಿಸಬೇಕೆಂಬುದು ಸಹಜ ಆಸೆಯೇ ಆದರೂ ಔಷಧಿಗೆ ಕಾರಣವಾಗಲಾರದು.

ಎರಡನೆಯ ಪ್ರಶ್ನೆಯನ್ನು ನಮ್ಮವರು ಕೇಳುವುದೇ ಇಲ್ಲ. ನನ್ನ ಎಣಿಕೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ‘ಎಷ್ಟು ದಿನ? ನಿಲ್ಲಿಸಿದರೆ ಏನಾಗುತ್ತದೆ?’ ನಾನು ಹೇಳಿದ ಅದೇ ಪರೀಕ್ಷೆಯಲ್ಲಿ ಭಾಗವಹಿಸಿದ್ದ ಕೆಲವರನ್ನು ಔಷಧಿ ನಿಲ್ಲಿಸಿದ ಮೇಲೂ ಒಂದು ವರ್ಷ ಗಮನಿಸಲಾಯಿತು. ಇಳಿದಿದ್ದ ತೂಕದಲ್ಲಿ ಮೂರನೆಯ ಎರಡು ಪಾಲು ಅಷ್ಟರಲ್ಲಿ ಹಿಂದಿರುಗಿತ್ತು. ಜ್ವರದ ಔಷಧಿಯಂತೆ ಐದು ದಿನ ಕೊಟ್ಟು ಮುಗಿಸುವಂಥದು ಇದಲ್ಲ. ರಕ್ತದೊತ್ತಡದ ಮಾತ್ರೆಯಂತೆ ಬಹುಕಾಲ ನಡೆಯುವಂಥದು. ಹಾಗಾದರೆ ಹಣದ ಮಾತನ್ನು ಮೊದಲೇ ಆಡಬೇಕು. ಪಿಂಚಣಿಯಲ್ಲಿ ಮೂರು ತಿಂಗಳು ಹೇಗೋ ಹೊಂದಿಸಿ ನಾಲ್ಕನೆಯ ತಿಂಗಳು ಕೈಬಿಡುವುದಾದರೆ, ಅಥವಾ ವಾರದ ಸೂಜಿಯನ್ನು ಉಳಿತಾಯಕ್ಕೆಂದು ಎರಡು ವಾರಕ್ಕೊಮ್ಮೆ ಹಾಕಿಕೊಳ್ಳುವುದಾದರೆ, ಪ್ರಯೋಜನ ಕಡಿಮೆ, ತೊಂದರೆ ಹೆಚ್ಚು. ‘ನನ್ನಿಂದ ತಿಂಗಳಿಗೆ ಇಷ್ಟೇ ಆಗುತ್ತದೆ’ ಎಂದು ಹೇಳುವುದಕ್ಕೆ ನಾಚಿಕೆ ಏಕೆ? ಅಗ್ಗದ ಹಳೆಯ ಮಾತ್ರೆಗಳಿಂದಲೇ ಕಾಯಿಲೆಯನ್ನು ಚೆನ್ನಾಗಿ ನಿಭಾಯಿಸುತ್ತಿರುವ ಅಸಂಖ್ಯ ಜನರಿದ್ದಾರೆ. ಹಣವಿಲ್ಲವೆಂದು ತಿಳಿದರೆ ವೈದ್ಯರು ಆ ದಾರಿಯನ್ನೂ ತೋರಿಸಬಲ್ಲರು.

ಪ್ರಮಾಣವನ್ನು ಹೇಗೆ ಏರಿಸುತ್ತಾರೆಂದೂ ಕೇಳಿಕೊಳ್ಳಬೇಕು. ಸೆಮಾಗ್ಲುಟೈಡ್ ಸೂಜಿಯನ್ನು ವಾರಕ್ಕೆ ಕಾಲು ಮಿಲಿಗ್ರಾಮಿನಿಂದ ಆರಂಭಿಸಿ, ನಾಲ್ಕು ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲೇರಿಸುತ್ತಾರೆ. ಬೇಗ ಇಳಿಯಲಿ ಎಂದು ಎರಡು ಮೆಟ್ಟಿಲು ಒಟ್ಟಿಗೆ ಹಾರಿದವರು ವಾಕರಿಕೆ, ವಾಂತಿಗಳಿಂದ ನೆಲ ಹಿಡಿದಾರು. ವಾಂತಿ ಮುಂದುವರಿದು ನೀರು ನಿಲ್ಲದಾದರೆ ಮೂತ್ರಪಿಂಡಕ್ಕೆ ಪೆಟ್ಟು. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹಾಯುವ ತೀವ್ರ ನೋವು ಬಂದರೆ ಮರುದಿನದವರೆಗೆ ಕಾಯುವಂತಿಲ್ಲ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುವುದರಿಂದ ವಯಸ್ಸಾದವರು ಬೇಳೆ, ಹಾಲು, ಮೊಸರು, ಒಗ್ಗುವವರಾದರೆ ಮೊಟ್ಟೆ, ಇವುಗಳ ಲೆಕ್ಕವನ್ನೂ ನಡಿಗೆ ವ್ಯಾಯಾಮಗಳ ಲೆಕ್ಕವನ್ನೂ ವೈದ್ಯರಿಂದ ಪಡೆಯಬೇಕು. ಅನ್ನದ ರಾಶಿ ಮೊದಲು, ಬೇಳೆ ಕಟ್ಟು ಆಮೇಲೆ ಎಂಬ ನಮ್ಮ ಊಟದ ಪದ್ಧತಿಗೆ ಇದರಿಂದ ಕೊಂಚ ಇರುಸುಮುರುಸಾದೀತು.

ಸೂಜಿಗೆ ಹೆದರಿ ಮಾತ್ರೆಯನ್ನು ಆರಿಸಿಕೊಂಡವರಿಗೆ ಇನ್ನೊಂದು ಪರೀಕ್ಷೆ ಕಾದಿದೆ. ಜಠರದಿಂದ ಪಾರಾಗುವಂತೆ ಸಹಾಯಕ ದ್ರವ್ಯವೊಂದನ್ನು ಬೆರೆಸಿ ಆ ಮಾತ್ರೆಯನ್ನು ಮಾಡಿದ್ದಾರೆ. ಆದರೂ ರಕ್ತಕ್ಕೆ ಸೇರುವುದು ಅತ್ಯಲ್ಪಾಂಶ. ಆದುದರಿಂದ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಅರ್ಧ ಲೋಟಕ್ಕೆ ಮೀರದ ಬರಿಯ ನೀರಿನೊಡನೆ ನುಂಗಿ, ಕನಿಷ್ಠ ಅರ್ಧ ಗಂಟೆ ಏನನ್ನೂ ಮುಟ್ಟದೆ ಇರಬೇಕು. ಎದ್ದ ಕೂಡಲೆ ಕಾಫಿಯ ಲೋಟ ಕೈಗೆ ಬರದಿದ್ದರೆ ದಿನವೇ ಆರಂಭವಾಗದ ನಮ್ಮ ಸೀಮೆಯಲ್ಲಿ ಇದು ಸಾಮಾನ್ಯ ತಪಸ್ಸಲ್ಲ. ‘ಮಾತ್ರೆ ನನಗೆ ಕೆಲಸ ಮಾಡಲಿಲ್ಲ’ ಎನ್ನುವವರನ್ನು ವೈದ್ಯರು ಮೊದಲು ಕಾಫಿಯ ವೇಳೆಯನ್ನೇ ವಿಚಾರಿಸಬೇಕು.

ಬಯಸುವವರ ಮಾತಾಯಿತು, ಬೇಡವೆನ್ನುವವರೂ ಇದ್ದಾರೆ. ಮೂಳೆ ಸವೆದು ಬೆನ್ನೆಲುಬು ಕುಸಿದ ವೃದ್ಧೆಗೆ ಟೆರಿಪಾರಟೈಡ್ ಎಂಬ ಮೂವತ್ತನಾಲ್ಕು ಹೂವಿನ ಪೆಪ್ಟೈಡನ್ನು ವೈದ್ಯರೇ ಸೂಚಿಸುತ್ತಾರೆ. ಅಮೆರಿಕದಲ್ಲಿ 2002ರಿಂದ ಬಳಕೆಯಲ್ಲಿರುವ ಇದು ಹೊಸ ಮೂಳೆಯನ್ನು ಕಟ್ಟಬಲ್ಲ ಔಷಧಿ. ದಿನಕ್ಕೊಂದು ಸೂಜಿ, ಸಾಮಾನ್ಯವಾಗಿ ಎರಡು ವರ್ಷ. ‘ಅಯ್ಯೋ, ಈ ವಯಸ್ಸಿನಲ್ಲಿ ನನಗೇಕಪ್ಪಾ ದಿನಾ ಸೂಜಿ’ ಎಂದು ಅಜ್ಜಿ ಕೈಯಾಡಿಸಿಬಿಡುತ್ತಾರೆ. ಇಲ್ಲಿಯೂ ಕೇಳಬೇಕಾದದ್ದು ಅದೇ: ಮುಗಿದ ಮೇಲೇನು? ಬೇರೊಂದು ಮೂಳೆಯ ಔಷಧಿಯನ್ನು ಹಿಂದೆಯೇ ಕೊಡದಿದ್ದರೆ ಕಟ್ಟಿದ ಮೂಳೆ ಮತ್ತೆ ಕರಗುತ್ತದೆ. ಈ ಎರಡನೆಯ ಅಧ್ಯಾಯವನ್ನು ಅಜ್ಜಿಗೂ ಮನೆಯವರಿಗೂ ಮೊದಲ ದಿನವೇ ತಿಳಿಸಿರಬೇಕು.

ಇನ್ನು ವ್ಯಾಯಾಮಶಾಲೆಯ ತರುಣ. ಅವನ ಕೈಯಲ್ಲಿರುವ ಪುಟ್ಟ ಸೀಸೆಯಲ್ಲಿ ಬಿಳಿಯ ಪುಡಿಯಿದೆ. ಮೇಲೆ ‘ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ’ ಎಂದು ಬರೆದಿದೆ. ಬಿಪಿಸಿ-157 ಎಂಬುದು ಹೀಗೆ ಬಲು ಪ್ರಸಿದ್ಧವಾಗಿರುವ ಹದಿನೈದು ಹೂವಿನ ಪೆಪ್ಟೈಡ್. ಹರಿದ ಸ್ನಾಯುಬಂಧವನ್ನು ಅದು ಬೇಗ ಕೂಡಿಸುತ್ತದೆ ಎಂಬ ಮಾತಿಗೆ ಆಧಾರವಾದ ಪ್ರಯೋಗಗಳು ಬಹುತೇಕ ಇಲಿಗಳ ಮೇಲೆ ನಡೆದವು. ಮನುಷ್ಯರಲ್ಲಿ ನಡೆದ ಅಧ್ಯಯನಗಳು ಅತಿ ಚಿಕ್ಕವು, ಬೆರಳೆಣಿಕೆಯವು. ಕ್ರೀಡಾಪಟುಗಳಿಗೆ ಅದನ್ನು ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಿಂದ ನಿಷೇಧಿಸಿದೆ. ಆಟದ ಕೋಟಾದಲ್ಲಿ ನೌಕರಿಯ ಆಸೆಯಿಟ್ಟುಕೊಂಡಿರುವ ಹುಡುಗರು ಇದನ್ನಾದರೂ ನೆನಪಿಡಲಿ. ಇಲಿಗೆ ಹಿತವಾದದ್ದು ಮನುಷ್ಯನಿಗೆ ಎಂದಿಗೂ ಆಗದು ಎಂದು ನಾನು ಹೇಳುತ್ತಿಲ್ಲ. ಇನ್ಸುಲಿನ್ನೂ ಮೊದಲು ನಾಯಿಗಳಲ್ಲಿ ಪರೀಕ್ಷೆಯಾದದ್ದೇ. ಆದರೆ ಎಷ್ಟು ಪ್ರಮಾಣ, ಎಷ್ಟು ಕಾಲ, ಯಾರಿಗೆ ಬೇಡ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಮುಂಚೆಯೇ ಚುಚ್ಚಿಕೊಳ್ಳುವವನು ತಾನೇ ಇಲಿಯ ಪಾತ್ರವನ್ನು ವಹಿಸಿಕೊಂಡಂತೆ. ಪ್ರಯೋಗಾಲಯದ ಇಲಿಗಾದರೂ ಆಮೇಲೆ ಏನಾಯಿತೆಂದು ಬರೆದಿಡುವವರೊಬ್ಬರು ಇರುತ್ತಾರೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಚುಚ್ಚಿಕೊಂಡಾಗಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು. ಬೈಗುಳಕ್ಕೆ ಅಂಜಿ ಹುಡುಗರು ಹೇಳುವುದಿಲ್ಲ. ಜ್ವರ ಬರುತ್ತದೆ, ಚುಚ್ಚಿದ ಕಡೆ ಕೀವಾಗುತ್ತದೆ, ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಗಳು ಏರಿರುತ್ತವೆ. ವೈದ್ಯರು ಕಾಮಾಲೆಯೆಂದೋ ಮತ್ತೊಂದೆಂದೋ ಕತ್ತಲಲ್ಲಿ ಹುಡುಕುತ್ತಾರೆ. ಇಲ್ಲಿ ವೈದ್ಯರ ಹೊಣೆಯೂ ಕಡಿಮೆಯಲ್ಲ. ಮೊದಲ ವಾಕ್ಯದಲ್ಲೇ ಗದರಿದರೆ ಎರಡನೆಯ ವಾಕ್ಯ ಹುಡುಗನ ಬಾಯಿಂದ ಬರುವುದಿಲ್ಲ. ‘ಸೀಸೆ ತಂದಿದ್ದೀಯೇನಪ್ಪ? ತೋರಿಸು’ ಎಂದು ಸಮಾಧಾನದಿಂದ ಕೈಚಾಚುವ ವೈದ್ಯರಿಗೆ ಮಾತ್ರ ನಿಜ ತಿಳಿಯುತ್ತದೆ.

ಯೌವನವನ್ನು ಮರಳಿಸುತ್ತೇವೆಂದು ಫಲಕ ಹಾಕಿದ ನಗರದ ಕೆಲವು ಚಿಕಿತ್ಸಾಲಯಗಳಲ್ಲಿ ಬರೆಯುವವರೂ ಮಾರುವವರೂ ಒಬ್ಬರೇ ಆಗಿರುವುದುಂಟು. ಅಲ್ಲಿ ಕೇಳಬೇಕಾದದ್ದು ಸರಳ. ಔಷಧಿಯ ಮೂಲ ಹೆಸರೇನು? ತಯಾರಿಸಿದವರು ಯಾರು? ಈ ಬಳಕೆಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಮಂಜೂರಾತಿ ಇದೆಯೇ? ತಂಡದ ಸಂಖ್ಯೆ, ಮುಗಿಯುವ ದಿನಾಂಕಗಳು ಪೆಟ್ಟಿಗೆಯ ಮೇಲೆ ಇವೆಯೇ? ರಸೀದಿ ಕೊಡುತ್ತೀರಾ? ಈ ಪ್ರಶ್ನೆಗಳಿಗೆ ಸಿಡುಕುವ ಕಡೆ ತೋಳು ಚಾಚದಿರುವುದು ಮೇಲು. ಪ್ರಸಿದ್ಧ ಹೆಸರಿದ್ದ ಮಾತ್ರಕ್ಕೂ ನೆಮ್ಮದಿಯಿಲ್ಲ. ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ 2023ರಲ್ಲಿ ಸಿಕ್ಕಿಬಿದ್ದ ನಕಲಿ ಸೆಮಾಗ್ಲುಟೈಡಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು.

ಮನೆಗೆ ತಂದ ಮೇಲಿನ ಕೆಲವು ಸಣ್ಣ ಸಂಗತಿಗಳನ್ನೂ ವೈದ್ಯರ ಮುಂದೆ ಕುಳಿತಾಗಲೇ ಬಗೆಹರಿಸಿಕೊಳ್ಳಬೇಕು. ತೆರೆಯದ ಸೂಜಿಪೆನ್ನುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಬಿಸಾಡಬೇಕು. ಶೀತಕಪೆಟ್ಟಿಗೆಯ ಮೇಲಿನ ಮಂಜುಗಡ್ಡೆಯ ಖಾನೆ ಅದರ ಜಾಗವಲ್ಲ. ಬೇಸಗೆಯಲ್ಲಿ ಗಂಟೆಗಟ್ಟಲೆ ವಿದ್ಯುತ್ ಇಲ್ಲದ ಊರಿನವರು, ಬಸ್ಸಿನಲ್ಲಿ ದೂರ ಪ್ರಯಾಣ ಮಾಡುವವರು, ಏನು ಮಾಡಬೇಕೆಂದು ಕೇಳಿಕೊಳ್ಳಲಿ. ಬಳಸಿದ ಸೂಜಿಗಳನ್ನು ಎಲ್ಲಿ ಹಾಕಬೇಕೆಂದೂ ಕೇಳಲಿ. ಕಸ ಎತ್ತುವವರ ಕೈಗೆ ಅದು ಚುಚ್ಚಬಾರದು. ಔಷಧಿಯಿಂದ ತೊಂದರೆಯಾಯಿತೆಂದು ಅನುಮಾನ ಬಂದರೆ ಅದನ್ನು ದಾಖಲಿಸಿಕೊಳ್ಳುವ ಏರ್ಪಾಡು ನಮ್ಮ ದೇಶದಲ್ಲಿ 2010ರಿಂದ ಇದೆ. ಗಾಜಿಯಾಬಾದಿನಲ್ಲಿರುವ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. ವೈದ್ಯರು ಮಾತ್ರವಲ್ಲ, ರೋಗಿಯೂ 1800-180-3024 ಎಂಬ ಶುಲ್ಕವಿಲ್ಲದ ಸಂಖ್ಯೆಗೆ ದೂರವಾಣಿ ಮಾಡಿ ತಿಳಿಸಬಹುದು. ಆಗ ಅವರು ಕೇಳುವುದು ಔಷಧಿಯ ಹೆಸರು, ತಂಡದ ಸಂಖ್ಯೆ, ಆರಂಭಿಸಿದ ದಿನ ಇವುಗಳನ್ನು. ಆದುದರಿಂದ ಖಾಲಿ ಪೆಟ್ಟಿಗೆಯನ್ನು ಎಸೆಯದೆ ವೈದ್ಯರ ಚೀಟಿಯ ಜೊತೆಯಲ್ಲೇ ಇಟ್ಟುಕೊಂಡಿರಬೇಕು.